ಬೆನ್ನ ಹಿಂದಿನ ಹಲಗೆ

ಕುಳಿತವರು ಕುಳಿತೇ ಕೇಳಿ, ಮಲಗಿದವರು ಮಲಗಿಯೇ ಕೇಳಿ. ಈ ಕಥೆಗಾಗಿ ಯಾರೂ ಎದ್ದು ಕೂರಬೇಕಾಗಿಲ್ಲ. ಎದ್ದು ಕೂತದ್ದರಿಂದಲೇ ಇದರಲ್ಲಿ ಇಷ್ಟೆಲ್ಲ ಆಯಿತು.

ಜ್ವರ ನೋಡಲು ಪಾದರಸದ ಕಡ್ಡಿ ಇದೆ, ಭಾರಕ್ಕೆ ತಕ್ಕಡಿ ಇದೆ. ದಣಿವಿಗೆ ಮಾತ್ರ ದಣಿದವನ ಬಾಯಿಮಾತೊಂದೇ ಆಧಾರ. ಆ ಮಾತನ್ನು ಒಂದು ವಾರ ನಂಬುತ್ತಾರೆ, ಒಂದು ತಿಂಗಳು ನಂಬುತ್ತಾರೆ, ಆಮೇಲೆ ನಂಬುವುದಿಲ್ಲ. ಹಾಗಿರುವಾಗ ದಣಿವನ್ನೇ ಅಳೆಯುವ ಒಂದು ಯಂತ್ರ ಬಂದರೆ? ಬಂತು. ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ರೋಗಿಗಳೇ. ಇನ್ನು ಮೇಲೆ ನಾವು ಹೇಳುವುದು ಬೇಡ, ಯಂತ್ರವೇ ಹೇಳುತ್ತದೆ ಎಂದುಕೊಂಡರು.

ಗುಳೇದಗುಡ್ಡದ ಆಚೆ, ಕೆಂಪು ಕಲ್ಲಿನ ಗುಡ್ಡಗಳ ಅಡಿಯಲ್ಲಿ ಕುಪ್ಪಸದ ಖಣ ನೇಯುವವರ ಒಂದು ಓಣಿ. ಕೆಲವು ವರ್ಷಗಳ ಹಿಂದೆ ಆ ಸೀಮೆಯಲ್ಲೆಲ್ಲ ಬೂದಿ ಜ್ವರ ಹಾದುಹೋಯಿತು. ಮೈ ಬೂದಿ ಬಣ್ಣಕ್ಕೆ ತಿರುಗುತ್ತಿದ್ದುದರಿಂದ ಆ ಹೆಸರು. ಕೆಲವರು ಸತ್ತರು, ಬಹಳ ಜನ ಎದ್ದು ಮಗ್ಗಕ್ಕೆ ಮರಳಿದರು. ನಡುವೆ ಇನ್ನೊಂದಷ್ಟು ಮಂದಿ ಉಳಿದರು. ಅವರು ಸಾಯಲೂ ಇಲ್ಲ, ಏಳಲೂ ಇಲ್ಲ.

ಆ ಓಣಿಯಲ್ಲಿ ನೀಲಗಂಗಾ ಅಂಥವಳು. ಜ್ವರ ಅವಳ ಗಂಡನನ್ನು ಒಯ್ದಿತು, ಅವಳನ್ನು ಹಾಸಿಗೆಯಲ್ಲಿ ಬಿಟ್ಟಿತು. ಮನೆಯಲ್ಲಿ ಉಳಿದವಳು ಅತ್ತೆ ಗೌರವ್ವ. ನಿನ್ನ ಜಡ್ಡು ಎಂಥದು ಎಂದು ಕೇಳಿದವರಿಗೆ ನೀಲಗಂಗಾ ಮೊದಮೊದಲು ಹೇಳುತ್ತಿದ್ದಳು: ಬೆಳಗಾಗೆದ್ದರೆ ಶಿವ ಒಂದೇ ಒಂದು ಕಂಡಿಕೆ ನೂಲು ಕೈಗೆ ಕೊಡುತ್ತಾನೆ, ದಿನವೆಲ್ಲ ಅದರಲ್ಲೇ ತೆಗೆಯಬೇಕು. ಮಾತಾಡಿದರೂ ನೂಲು, ನೀರು ಕುಡಿದರೂ ನೂಲು. ಮುಗಿದ ಮೇಲೂ ಎಳೆದರೆ ಬರುತ್ತದೆ, ಆದರೆ ಅದು ನಾಳೆಯ, ನಾಡಿದ್ದಿನ ಕಂಡಿಕೆಯಿಂದ ಬರುತ್ತದೆ. ಎಳೆದ ದಿನ ಏನೂ ತಿಳಿಯುವುದಿಲ್ಲ. ಎರಡು ದಿನ ಬಿಟ್ಟು ಮೈ ಬಿದ್ದುಹೋಗುತ್ತದೆ; ಬಿದ್ದದ್ದು ಮೊದಲಿದ್ದ ಜಾಗಕ್ಕೆ ಮತ್ತೆ ಏರುವುದಿಲ್ಲ.

ಇಷ್ಟು ಹೇಳುವುದಕ್ಕೂ ನೂಲು ಬೇಕಲ್ಲ. ಆಮೇಲೆ ಹೇಳುವುದನ್ನು ಬಿಟ್ಟಳು. ಇದ್ದ ನೂಲನ್ನು ಅವಳು ದೀಪ ಹಚ್ಚುವ ಹೊತ್ತಿಗೆಂದು ಕಾಯ್ದಿಡುತ್ತಿದ್ದಳು. ಗೌರವ್ವ ದೇವರ ಜಗುಲಿಯ ಮೇಲೆ ದೀಪ ಇಟ್ಟಾಗ, ಮಲಗಿದಲ್ಲೇ, ಕಣ್ಣು ಮುಚ್ಚಿ ಒಂದು ಶಿವನ ಪದ ಹಾಡುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಓಣಿಯ ಭಜನೆಗೆ ಮುಂದಾಳಾಗಿದ್ದ ದನಿ ಅದು. ಈಗ ಪಕ್ಕದ ಮನೆಗೂ ಕೇಳಿಸುತ್ತಿರಲಿಲ್ಲ. ಆದರೂ ಅದೊಂದು ಉಳಿದಿತ್ತು. ಅದು ಉಳಿದಿರುವ ತನಕ ತಾನು ಇದ್ದೇನೆ ಎಂದು ಅವಳಿಗೆ ಅನಿಸುತ್ತಿತ್ತು.

ಯಂತ್ರದ ಹೆಸರು ಸಾಕ್ಷಿ. ತೆಂಗಿನಕಾಯಿಯಷ್ಟು ದಪ್ಪ, ನಡುವೆ ಒಂದು ಗಾಜಿನ ಕಣ್ಣು. ಧಾರವಾಡದ ದಾರಿಯ ಗುಡ್ಡದ ಮೇಲಿರುವ ದೇಹಬಲ ಸಂಶೋಧನಾಲಯದವರು ಬಂದು ಅದನ್ನು ಪಡಸಾಲೆಯ ಗೋಡೆಗೆ ಕೂರಿಸಿ ಹೋದರು. ಅದು ಮುಖ ನೋಡುವುದಿಲ್ಲ, ಫೋಟೊ ತೆಗೆಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಮೈಯಿಂದ ಹೊರಡುವ ಕಾವನ್ನು ಅದು ಓದುತ್ತದೆ, ಬೆನ್ನು ನೆಟ್ಟಗಿದೆಯೋ ನೆಲಕ್ಕಿದೆಯೋ ಎಂದು ನೋಡುತ್ತದೆ, ಎದೆಯ ಏರಿಳಿತದಿಂದ ಉಸಿರನ್ನು ಹಿಡಿಯುತ್ತದೆ. ಎಲ್ಲ ಸೇರಿಸಿ ದಿನಕ್ಕೊಂದು ಅಂಕ ಕೊಡುತ್ತದೆ, ನೂರಕ್ಕೆ ಇಷ್ಟು ಎಂದು. ಬೆಳಗಿನಿಂದ ದೀಪ ಹಚ್ಚುವ ತನಕ ರೋಗಿ ಅದರ ಕಣ್ಣೆದುರು ಇರಬೇಕು. ಕೂರಲಿ, ಮಲಗಲಿ, ಅವರ ಇಷ್ಟ. ಅದರ ಜೊತೆಗೆ ಒಂದು ಮದ್ದೂ ಇತ್ತು. ಆ ಮದ್ದು ನಡಿಗೆ. ದಿನ ದಿನಕ್ಕೆ ಕೊಂಚ ಹೆಚ್ಚು ಹೆಜ್ಜೆ ಹಾಕುತ್ತ ಹೋದರೆ ಮೈ ಮರೆತ ಬಲ ಮರಳುತ್ತದೆ ಎನ್ನುವುದು ಅವರ ನಂಬಿಕೆ. ಎಷ್ಟು ಹೆಜ್ಜೆ ಎಂದು ಬೆಳಿಗ್ಗೆ ಸಾಕ್ಷಿಯೇ ಪುಸ್ತಕದ ಕನ್ನಡದಲ್ಲಿ ಹೇಳುತ್ತಿತ್ತು. ಗೌರವ್ವ ಸೆರಗು ಸರಿಮಾಡಿಕೊಂಡು ಹೂಂ ನನ್ನಪ್ಪಾ ಎನ್ನುತ್ತಿದ್ದಳು.

ಬಂದವರು ಹೋದ ಮೇಲೆ ಗೌರವ್ವ ಸಾಕ್ಷಿಗೆ ವಿಭೂತಿ ಹಚ್ಚಿದಳು. ನೀಲಗಂಗಾಳಿಗೆ ನಗು ಬಂದು, ಅದು ದೇವರಲ್ಲ ಅತ್ತಿ ಎಂದಳು.

"ದೇವ್ರಲ್ಲ ಖರೆ. ಮನೀಗಿ ಬಂದೈತಲ್ಲ? ಬಂದವ್ರು ಅಂದ್ರ ಬಂದವ್ರು" ಎಂದಳು ಗೌರವ್ವ.

ತಪ್ಪು ಆದದ್ದು ಇಲ್ಲಿಯೇ. ಆದರೆ ಅದನ್ನು ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆ ಓಣಿಯಲ್ಲಿ ಬಂದವರ ಎದುರು ಯಾರೂ ಕಾಲು ಚಾಚುವುದಿಲ್ಲ. ಬಾಣಂತಿ ಕೂಡ ಯಾರಾದರೂ ಹೊಸಲು ದಾಟಿದರೆ ಗೋಡೆ ಹಿಡಿದು ಎದ್ದು ಕೂರುತ್ತಾಳೆ. ಹೀಗೆ ಮಾಡು ಎಂದು ಯಾರೂ ಯಾರಿಗೂ ಕಲಿಸಿದ್ದಲ್ಲ. ತಾಯಿಯ ಬೆನ್ನು ನೋಡಿ ಮಗಳ ಬೆನ್ನು ಕಲಿತದ್ದು. ಸಾಕ್ಷಿಯ ಗಾಜಿನ ಕಣ್ಣು ಎದುರಿಗಿತ್ತು. ನೀಲಗಂಗಾ ಎದ್ದು ಕೂತಳು. ಅವಳಷ್ಟೇ ಅಲ್ಲ, ಸಾಕ್ಷಿ ಹೋದ ಮನೆಮನೆಯಲ್ಲೂ ಮಲಗಿದವರು ಎದ್ದು ಕೂತರು. ದೀಪ ಹಚ್ಚುವ ತನಕ ಹಲ್ಲು ಕಚ್ಚಿ ಕೂತು, ಆಮೇಲೆ ಒಳಗಿನ ಕೋಣೆಗೆ ತೆವಳಿ ಹೋಗಿ ಬೀಳುತ್ತಿದ್ದರು. ಒಳಗಿನ ಕೋಣೆ ಸಾಕ್ಷಿಯ ಲೆಕ್ಕಕ್ಕಿರಲಿಲ್ಲ.

ಗುಡ್ಡದ ಮೇಲೆ, ಸಂಶೋಧನಾಲಯದ ತಣ್ಣನೆಯ ಕೋಣೆಯಲ್ಲಿ, ಒಂದು ಇಡೀ ಗೋಡೆಯ ಮೇಲೆ ಆ ಮನೆಗಳೆಲ್ಲ ಚುಕ್ಕೆಗಳಾಗಿ ಕಾಣುತ್ತಿದ್ದವು. ಮಲಗಿದವರದು ಕೆಂಪು, ಏಳುತ್ತಿರುವವರದು ಹಳದಿ, ಗುಣವಾದವರದು ಹಸಿರು. ಅದನ್ನು ನೋಡಿಕೊಳ್ಳುತ್ತಿದ್ದವಳು ಡಾಕ್ಟರ್ ವಸುಧಾ ಹೆಬಸೂರ. ಕೆಟ್ಟ ಮನಸ್ಸಿನವಳಲ್ಲ. ಅವಳ ಸ್ವಂತ ಅಕ್ಕ ಇಂಥದೇ ಜಡ್ಡಿನಲ್ಲಿ ವರ್ಷಗಟ್ಟಲೆ ಮಲಗಿ, ಮನೆಯವರಿಂದ ಸೋಮಾರಿ ಅನ್ನಿಸಿಕೊಂಡೇ ತೀರಿಹೋಗಿದ್ದಳು. ಆ ಗೋಡೆಯಲ್ಲಿ ಕೆಂಪು ಹಳದಿಯಾಗುವುದನ್ನು ಕಂಡಾಗ ವಸುಧಾಳ ಕಣ್ಣು ತುಂಬಿ ಬರುತ್ತಿತ್ತು. ಇದು ಅಕ್ಕನಿಗೆ ಸಿಕ್ಕಿದ್ದರೆ ಎಂದುಕೊಳ್ಳುತ್ತಿದ್ದಳು.

ನೀಲಗಂಗಾಳ ಹಾಡು ಮೊದಲು ಅರ್ಧಕ್ಕೆ ನಿಂತಿತು. ಆಮೇಲೆ ಬರೀ ಮೊದಲ ಸಾಲು ಉಳಿಯಿತು.

ಹಿಂದಿನ ಓಣಿಯಲ್ಲಿ ಮಡಿವಾಳಪ್ಪ ಎಂಬಾತನಿದ್ದ. ಮಗ್ಗ ರಿಪೇರಿ ಮಾಡುತ್ತಿದ್ದವನು. ಅವನಿಗೂ ಇದೇ ಜಡ್ಡು, ಇದೇ ಸಾಕ್ಷಿ. ಮೈಯಲ್ಲಿ ನೂಲಿದ್ದ ದಿನ ನೀಲಗಂಗಾಳಿಗೆ ಫೋನು ಮಾಡುತ್ತಿದ್ದ. ತಂಗಿ ಎಂದು ಕರೆಯುತ್ತಿದ್ದ. ಇಬ್ಬರೂ ಫೋನನ್ನು ದಿಂಬಿನ ಮೇಲಿಟ್ಟುಕೊಂಡು, ಎರಡು ಮಾತು ಆಡಿ, ಒಂದಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಎರಡು ಮಾತು ಆಡುತ್ತಿದ್ದರು. ತನ್ನ ಮನೆಯವರು ನಿನಗೇನಾಗಿದೆ ಗಟ್ಟಿ ಇದ್ದೀಯಲ್ಲ ಎಂದದ್ದನ್ನೂ ನಗುತ್ತಲೇ ಹೇಳುತ್ತಿದ್ದ. ನಡಿಗೆಯ ಮಾತು ಬಂದಾಗ ಮಾತ್ರ ಅವನ ನಗು ಸ್ವಲ್ಪ ಬೇರೆಯಾಗುತ್ತಿತ್ತು.

"ಮಗ್ಗ ಕೆಟ್ರ ನಾ ಬಿಚ್ಚಿ ನೋಡ್ತಿದ್ನೆವಾ ತಂಗಿ. ಇವ್ರು ಕೆಟ್ಟ ಮಗ್ಗಕ್ಕ, ಇನ್ನೊಂದೀಟು ನೇಯಿ ಆರಾಮಾಗ್ತಿ ಅಂತಾರ. ಡಾಕ್ಟರಾಗೋದು ಇಷ್ಟ ಸಸಾರಿದ್ರ ನಾನೂ ಆಗ್ತಿದ್ದೆ ತಗೋ."

ನೀಲಗಂಗಾ ನಡಿಗೆ ಬಿಟ್ಟುಬಿಡು ಅಣ್ಣಾ ಎಂದಳು. ಬಿಡುತ್ತೇನೆ ಎಂದು ಅವನು ಸಂಶೋಧನಾಲಯಕ್ಕೆ ಫೋನು ಮಾಡಿದ. ನಡೆದ ದಿನ ಏನೂ ಆಗುವುದಿಲ್ಲ, ಎರಡು ದಿನ ಬಿಟ್ಟು ಎದೆ ಕುಸಿಯುತ್ತದೆ ಎಂದು ಹೇಳಿದ. ಅಲ್ಲಿ ಫೋನು ಹಿಡಿದವರು ಸೌಜನ್ಯದಿಂದಲೇ ಮಾತಾಡಿದರು. ಯಂತ್ರದ ಪ್ರಕಾರ ನೀವು ಏಳುತ್ತಿದ್ದೀರಿ, ಆಗುವುದಿಲ್ಲ ಎನ್ನುವ ಭಯವೇ ನಿಮ್ಮ ರೋಗದ ಒಂದು ಭಾಗ, ಅದಕ್ಕೆ ಹೆದರಬೇಡಿ ಎಂದರು. ಹೆದರುಪುಕ್ಕ ಅನ್ನಿಸಿಕೊಳ್ಳುವುದು ಮಡಿವಾಳಪ್ಪನಿಗೆ ಆಗದ ಮಾತು. ಮರುದಿನ ಸಾಕ್ಷಿ ಹೇಳಿದಷ್ಟೂ ನಡೆದ. ಅದರ ಮರುದಿನವೂ ನಡೆದ. ಮೂರನೆಯ ದಿನ ಬೆಳಿಗ್ಗೆ ಚಹಾದ ಬಟ್ಟಲು ಕೈಯಲ್ಲಿ ಹಿಡಿದವನು ಹಾಗೇ ಪಕ್ಕಕ್ಕೆ ವಾಲಿದ. ಶಿವ ಅವನ ಉಸಿರನ್ನು ತನ್ನದೆಂದು ತೆಗೆದುಕೊಂಡ.

ಗೌರವ್ವನಿಗೆ ಕರೆ ಬಂತು. ಆ ಓಣಿಗಳ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಕೂತ ಹಾಗೆಯೇ ಮಣ್ಣಿಗೂ ಇಳಿಸುತ್ತಾರೆ. ಕೂಡಿಸುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ಬೆನ್ನು ಕುಸಿಯುತ್ತದೆ, ಕತ್ತು ವಾಲುತ್ತದೆ. ಗೌರವ್ವನ ಹತ್ತಿರ ಒಂದು ಹಲಗೆ ಇತ್ತು. ಅವಳ ಮಗ ಕುಣಿಮಗ್ಗದಲ್ಲಿ ಕಾಲಿಳಿಸಿ ನೇಯುವಾಗ ಕೂರುತ್ತಿದ್ದ ಹಲಗೆ. ಅದನ್ನು ಬೆನ್ನಿಗೆ ಕೊಟ್ಟು, ಎದೆಯ ಸುತ್ತ ಮೆತ್ತನೆಯ ಧೋತರ ಸುತ್ತಿ, ಮೇಲೆ ಶಾಲು ಹೊದಿಸಿದರೆ ಹೋದವರು ಧ್ಯಾನಕ್ಕೆ ಕೂತ ಹಾಗೆ ಕಾಣುತ್ತಿದ್ದರು. ಮಗನನ್ನೂ ಅವಳೇ ಹಾಗೆ ಕೂಡಿಸಿದ್ದಳು. ಈಗ ಮಡಿವಾಳಪ್ಪನನ್ನು ಕೂಡಿಸಿದಳು. ಎರಡು ಬದಿಗೆ ಹಿತ್ತಾಳೆಯ ದೀಪ ಬೆಳಗಿದವು, ಅಣ್ಣತಮ್ಮಂದಿರು ಅವನ ಭುಜಕ್ಕೆ ಭುಜ ಕೊಟ್ಟು ಕೂತರು, ಮರುದಿನ ಮಣ್ಣಾಗುವ ತನಕ ಭಜನೆ ನಡೆಯಿತು. ಎದುರು ಗೋಡೆಯ ಮೇಲಿದ್ದ ಸಾಕ್ಷಿಯ ನೆನಪು ಯಾರಿಗೂ ಆಗಲಿಲ್ಲ.

ಗುಡ್ಡದ ಮೇಲೆ ಒಂದು ಚುಕ್ಕೆ ಹೊಳೆಯುವ ಹಸಿರಾಯಿತು. ಬೆನ್ನು ನೆಟ್ಟಗೆ, ಒಮ್ಮೆಯೂ ವಾಲದೆ, ದಿನವಿಡೀ. ಕಾವು ಇದೆ. ಉಸಿರು ಇದೆ, ಅದೂ ಆಳವಾದ, ಒಂದೇ ಲಯದ ಉಸಿರು. ಅಂಕ ತೊಂಬತ್ತೊಂದು. ಅಷ್ಟು ಅಂಕ ಈವರೆಗೆ ಯಾರಿಗೂ ಬಂದಿರಲಿಲ್ಲ. ನಿರ್ದೇಶಕರಾದ ಡಾಕ್ಟರ್ ಪಟ್ಟಣಕುಡಿಯವರು ಅದನ್ನು ಸಭೆಯಲ್ಲಿ ದೊಡ್ಡ ಪರದೆಗೆ ಹಾಕಿ ತೋರಿಸಿದರು. ಮುಂದೆ ಆ ಮನೆಯಿಂದ ಅಂಕ ಬರಲಿಲ್ಲ. ಗುಣವಾದ ರೋಗಿ ಹೊರಗೆ ಓಡಾಡುತ್ತಿರುವುದರಿಂದ ಎಂದು ಯಂತ್ರವೇ ಷರಾ ಹಾಕಿಕೊಂಡಿತು. ವಸುಧಾಳ ಹಿಗ್ಗು ಹೇಳತೀರದು. ಆ ಮನುಷ್ಯನನ್ನು ಕಣ್ಣಾರೆ ಕಾಣಬೇಕು, ಸನ್ಮಾನ ಮಾಡಬೇಕು ಎಂದು ಶಾಲು, ಹಾರ ತೆಗೆದುಕೊಂಡು ಜೀಪಿನಲ್ಲಿ ಬಂದಳು.

ಓಣಿಯ ಬಾಯಲ್ಲಿ ಗೌರವ್ವ ಸಿಕ್ಕಳು. ಮಡಿವಾಳಪ್ಪನವರ ಮನೆ ಯಾವುದು ಎಂದು ವಸುಧಾ ಕೇಳಿದಳು. ಗೌರವ್ವ ಅವಳ ಕೈಯಲ್ಲಿದ್ದ ಹಾರವನ್ನು ನೋಡಿ, ದೂರದ ನೆಂಟಳಿರಬೇಕು ಎಂದುಕೊಂಡಳು.

"ತಡಾ ಮಾಡಿ ಬಂದ್ರಲ್ಲವಾ. ನಿನ್ನಿಗೆ ದಿನಾನೂ ಮುಗದ್ವು. ಫೋಟೊಕ್ಕರ ಹಾಕಬರ್ರಿ, ನಡೀರಿ."

ಆ ಮನೆಯ ಪಡಸಾಲೆಯಲ್ಲಿ ವಸುಧಾ ಮಡಿವಾಳಪ್ಪನ ಫೋಟೊ ಕಂಡಳು. ಸತ್ತದ್ದು ಯಾವತ್ತು ಎಂದು ಕೇಳಿದಳು, ಹೇಳಿದರು. ಎಲ್ಲಿ ಕೂಡಿಸಿದ್ದಿರಿ ಎಂದು ಕೇಳಿದಳು, ತೋರಿಸಿದರು. ಅವಳು ಆ ಜಾಗವನ್ನು ನೋಡಿ, ತಿರುಗಿ ಎದುರಿಗಿದ್ದ ಸಾಕ್ಷಿಯನ್ನು ನೋಡಿದಳು. ದೀಪಗಳ ಕಾವು, ಭುಜಕ್ಕೆ ಭುಜ ಕೊಟ್ಟವರ ಕಾವು. ಹತ್ತಿರದ ಎದೆಯ ಉಸಿರನ್ನು ಅದು ಅವನದೆಂದು ಹಿಡಿದಿತ್ತು. ಅದು ಭಜನೆಯ ಉಸಿರು. ಹಾರವನ್ನು ಫೋಟೊಕ್ಕೆ ಹಾಕಿದಳು. ಶಾಲು ಕೈಯಲ್ಲೇ ಉಳಿಯಿತು.

ಗೌರವ್ವ ಅವಳನ್ನು ತನ್ನ ಮನೆಗೆ ಕರೆತಂದಳು, ಅಲ್ಲಿಯೂ ಒಬ್ಬ ರೋಗಿ ಇದ್ದಾಳೆ ಎಂದು. ನೀಲಗಂಗಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಂಡವರು ಯಾರಾದರೂ ಗುಣವಾಗುತ್ತಿದ್ದಾಳೆ ಎಂದೇ ಹೇಳಬೇಕು, ಹಾಗೆ ಕೂತಿದ್ದಳು. ವಸುಧಾ ಒಳಗೆ ಬಂದು ಚಾಪೆಯ ಮೇಲೆ ಕೂತು, ಹೇಗಿದ್ದೀರಿ ಎಂದು ಕೇಳಿದಳು.

ನೀಲಗಂಗಾ ಅವಳನ್ನೇ ನೋಡಿದಳು. ಮಡಿವಾಳಣ್ಣ ಹೆದರುಪುಕ್ಕ ಅನ್ನಿಸಿಕೊಳ್ಳಲಾರದೆ ಸತ್ತ. ತಾನು ಮರ್ಯಾದೆ ಬಿಡಲಾರದೆ ಸಾಯುತ್ತಿದ್ದೇನೆ. ಇಷ್ಟು ದಿನ ಈ ಮನೆಗೆ ಬಂದದ್ದು ಯಂತ್ರ; ಇವತ್ತು ಬಂದದ್ದು ಮನುಷ್ಯಳು, ಕಣ್ಣಿದ್ದವಳು. ಹೀಗೆಂದುಕೊಂಡು ಅವಳು ಆ ಓಣಿಯಲ್ಲಿ ಯಾವ ಹೆಣ್ಣೂ ಮಾಡದ ಕೆಲಸ ಮಾಡಿದಳು. ಗೋಡೆಯಿಂದ ಬೆನ್ನು ತೆಗೆದು, ಒಂದು ಕೈ ಊರಿ, ಬಂದವರ ಎದುರಿಗೇ ನೆಲದ ಮೇಲೆ ಕಾಲು ಚಾಚಿ ಮಲಗಿದಳು. ಗೌರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ನಾ ಹಿಂಗಿರಾಕಿರಿ," ಎಂದಳು ನೀಲಗಂಗಾ. ಆಮೇಲೆ ಕಣ್ಣು ಮುಚ್ಚಿಕೊಂಡು, ತಡೆತಡೆದು, ಎರಡು ದಿನ ಬಿಟ್ಟು ಬೀಳುವ ಸಂಗತಿ, ಒಳಗಿನ ಕೋಣೆಯ ಸಂಗತಿ, ಹೋಗುತ್ತಿರುವ ಹಾಡಿನ ಸಂಗತಿ, ಎಲ್ಲ ಹೇಳಿದಳು. ಆ ವಾರಕ್ಕೆಂದು ಕಾಯ್ದಿಟ್ಟ ನೂಲೆಲ್ಲ ಅದಕ್ಕೆ ಹೋಯಿತು.

ಇದನ್ನೆಲ್ಲ ಮೊದಲೇ ಏಕೆ ಹೇಳಲಿಲ್ಲ ಎಂದು ವಸುಧಾ ಕೇಳಿದಳು.

"ಅದಕ್ಕ ಹೇಳಾಕ ಬಾಯಿ ಐತ್ರಿ, ಕೇಳಾಕ ಕಿವಿ ಇಲ್ರಿ" ಎಂದು ನೀಲಗಂಗಾ ಗೋಡೆಯ ಕಡೆಗೆ ಬೆರಳೆತ್ತಿದಳು. ಬೆರಳು ಅರ್ಧಕ್ಕೇ ಕೆಳಗಿಳಿಯಿತು.

ವಸುಧಾ ಅವಳ ಪಾದಗಳ ಮೇಲೆ ಆ ಶಾಲು ಹೊದಿಸಿದಳು. ನಾನು ಹೇಳುತ್ತೇನೆ, ಎಲ್ಲರಿಗೂ ಹೇಳುತ್ತೇನೆ ಎಂದು ಮಾತು ಕೊಟ್ಟು ಹೋದಳು. ಎರಡು ದಿನದ ಮೇಲೆ ನೀಲಗಂಗಾ ಬಿದ್ದಳು. ನುಂಗುವುದಕ್ಕೂ ಶಕ್ತಿ ಇಲ್ಲದ ಹಾಗೆ ಬಿದ್ದಳು. ಆದರೂ ಮನಸ್ಸು ಹಗುರವಾಗಿತ್ತು. ಹೇಳಿದ್ದನ್ನು ಒಬ್ಬರು ನಂಬಿದ್ದರಲ್ಲ.

ವಸುಧಾ ಹೇಳಿದ್ದು ನಿಜ. ಪಟ್ಟಣಕುಡಿಯವರ ಎದುರು ನಿಂತು ಎಲ್ಲವನ್ನೂ ಹೇಳಿದಳು. ಅವರು ಸಿಟ್ಟಾಗಲಿಲ್ಲ. ಚಹಾ ತರಿಸಿದರು. ಸತ್ತವನ ಹೆಸರು ಸೇರಿದ್ದು ದೊಡ್ಡ ತಪ್ಪು, ತೆಗೆಯೋಣ ಎಂದರು. ತೆಗೆದರು. ನೂರಾರು ಮನೆಗಳ ಸರಾಸರಿಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಬೀಳಲಿಲ್ಲ. ನೋಡಿದಿರಾ ಎಂದರು. ಉಳಿದವರೂ ಸೌಜನ್ಯಕ್ಕೆ ಕೂತವರು ಎಂದು ಅವಳು ವಾದಿಸಿದಳು. ಸೌಜನ್ಯಕ್ಕಾದರೂ ಕೂರಲು ಆಗುತ್ತದೆ ಎಂದರೆ ಮೈಯಲ್ಲಿ ಬಲ ಇದೆ ಎಂದೇ ಅಲ್ಲವೇ ಎಂದು ಅವರು ಕೇಳಿದರು. ಆ ಹೆಣ್ಣುಮಗಳು ನಿಮ್ಮನ್ನು ಕಂಡೊಡನೆ ಮಲಗಿದಳು, ಡಾಕ್ಟರನ್ನು ಕಂಡೊಡನೆ ರೋಗ ಏರುವುದನ್ನು ನಾವು ಮೊದಲೇ ಬರೆದಿದ್ದೇವಲ್ಲ ಎಂದರು. ನೀಲಗಂಗಾ ಮಲಗಿ ಹೇಳಿದ ಅಷ್ಟೂ ಮಾತು ಅವರ ವರದಿಗೆ ಇನ್ನೊಂದು ಆಧಾರವಾಯಿತು. ಅಕ್ಕನ ವಿಷಯ ಎತ್ತಿ, ಇದರಲ್ಲಿ ನಿಮ್ಮ ಮನಸ್ಸು ಸಮಸ್ಥಿತಿಯಲ್ಲಿಲ್ಲ ಎಂದು ಮೆಲ್ಲಗೆ ಹೇಳಿ, ಅವಳನ್ನು ಬೇರೆ ವಿಭಾಗಕ್ಕೆ ಹಾಕಿದರು.

ವರದಿ ಸರ್ಕಾರಕ್ಕೆ ಹೋಯಿತು. ಮಳೆಗಾಲಕ್ಕೆ ಮುಂಚೆ ಆಜ್ಞೆ ಬಂತು. ಸಾಕ್ಷಿಯ ಅಂಕ ನಲವತ್ತಕ್ಕಿಂತ ಕೆಳಗಿಳಿದವರನ್ನು ಬೆಟ್ಟದ ತಪ್ಪಲಿನ ನಡಿಗೆಧಾಮಕ್ಕೆ ಒಯ್ಯಬೇಕು. ಅವರು ಹೂಂ ಅನ್ನಲಿ, ಉಹೂಂ ಅನ್ನಲಿ, ಗುಣವಾಗುವ ತನಕ ನಡೆಸಬೇಕು. ಸಾಕ್ಷಿಗೆ ಬಟ್ಟೆ ಮುಚ್ಚಿದರೆ ಅಂಕ ಸೊನ್ನೆ. ಮೇಲಿನ ಓಣಿಯಿಂದ ಇಬ್ಬರನ್ನು ಸ್ಟ್ರೆಚರಿನಲ್ಲಿ ಒಯ್ದರು. ಒಬ್ಬಳು ಮರಳಿ ಬಂದಳು. ಅವಳಿಗೆ ಬೆಳಕು ತಡೆಯದು, ಸಪ್ಪಳ ತಡೆಯದು. ತಾಯಿ ಮುಟ್ಟಿದರೂ ಮೈ ನಡುಗುತ್ತದೆ. ಗುಣವಾದಳೆಂದು ಕಳಿಸಿದ್ದರಿಂದ ಗೋಡೆಯ ಮೇಲೆ ಅವಳ ಚುಕ್ಕೆ ಹಸಿರು.

ನೀಲಗಂಗಾ ಬಿದ್ದ ಮೇಲೆ ಎದ್ದಿರಲಿಲ್ಲ. ಅವಳ ಅಂಕ ದಿನವೂ ನಲವತ್ತರ ಕಡೆಗೆ ಇಳಿಯುತ್ತಿತ್ತು. ಆಗ ಒಂದು ಮಧ್ಯಾಹ್ನ ವಸುಧಾಳ ಫೋನು ಬಂತು. ಗೌರವ್ವ ಎತ್ತಿದಳು. ವಸುಧಾ ಕ್ಷಮೆ ಕೇಳಲಿಲ್ಲ. ಕೇಳುವ ಮುಖ ತನಗಿಲ್ಲ ಎಂದಳು. ತನ್ನಿಂದ ಆಗುವುದು ಇದೊಂದೇ ಮಾತು, ಯಾರಿಗೂ ಹೇಳಬೇಡಿ ಎಂದು ದನಿ ತಗ್ಗಿಸಿದಳು.

"ಅದು ಬೆನ್ನು ಅಷ್ಟೇ ನೋಡ್ತದಮ್ಮ. ಬೆನ್ನು ನೆಟ್ಟಗಿದ್ರ ಸಾಕು. ಹೆಂಗ ನೆಟ್ಟಗೈತಿ ಅಂತ ಅದಕ್ಕ ತಿಳಿಯೂದಿಲ್ಲ."

ಗೌರವ್ವ ಫೋನು ಇಟ್ಟಳು. ಅಟ್ಟದ ಮೇಲಿಂದ ಹಲಗೆ ಇಳಿಸಿ, ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿದಳು. ನೀಲಗಂಗಾ ಅದನ್ನು ನೋಡಿದಳು. ಅದು ಯಾವ ಹಲಗೆ, ಅದರ ಮೇಲೆ ಯಾರು ಕೂತು ನೇಯುತ್ತಿದ್ದರು, ಅದಕ್ಕೆ ಒರಗಿ ಯಾರು ಯಾರು ಹೋದರು, ಎಲ್ಲ ಅವಳಿಗೆ ಗೊತ್ತಿತ್ತು. ಬೇಡ ಎನ್ನಲಿಲ್ಲ. ಎನ್ನಲು ನೂಲಿರಲಿಲ್ಲ.

ಗೌರವ್ವ ಸೊಸೆಯನ್ನು ಎತ್ತಿ ಕೂಡಿಸಿದಳು. ಹಲಗೆಯನ್ನು ಬೆನ್ನಿಗೆ ಕೊಟ್ಟಳು. ಎದೆಯ ಸುತ್ತ ಮೆತ್ತನೆಯ ಧೋತರ ಸುತ್ತಿದಳು, ಕತ್ತಿನ ಹಿಂದೆ ಬಟ್ಟೆಯ ಸುರುಳಿ ಇಟ್ಟಳು, ಮೇಲೆ ಶಾಲು ಹೊದಿಸಿದಳು. ಗಂಟು ಹಾಕುವಾಗ ಅವಳ ಕೈ ನಿಂತಿತು.

"ಉಸುರಾಡಾಕ ಸಡ್ಲ ಐತೇನವಾ?" ಎಂದು ಕೇಳಿದಳು.

ಎಷ್ಟೋ ಮಂದಿಯನ್ನು ಕೂಡಿಸಿದ ಕೈ ಅದು. ಈ ಮಾತು ಕೇಳುವ ಪ್ರಸಂಗ ಅವಳಿಗೆ ಎಂದೂ ಬಂದಿರಲಿಲ್ಲ.

ಈಗ ನೀಲಗಂಗಾ ಬೆಳಗಿನಿಂದ ದೀಪ ಹಚ್ಚುವ ತನಕ ಹಾಗೆ ಕೂತಿರುತ್ತಾಳೆ. ದೀಪದ ಹೊತ್ತಿಗೆ ಗೌರವ್ವ ಅವಳ ಪದದ ಮೊದಲ ಸಾಲು ಎತ್ತಿ, ಮುಂದಿನದನ್ನು ಸೊಸೆ ಹೇಳುತ್ತಾಳೇನೋ ಎಂದು ಕಾಯುತ್ತಾಳೆ. ನೀಲಗಂಗಾಳ ತುಟಿ ಅಲುಗುವ ದಿನಗಳಿದ್ದವು, ಈಗೀಗ ಅಲುಗುವುದಿಲ್ಲ. ಆ ಕಾಯುವ ಹೊತ್ತಿನಲ್ಲಿ ಸಾಕ್ಷಿ ದಿನದ ಅಂಕ ಹೇಳುತ್ತದೆ. ಎಂಬತ್ತರ ಮೇಲೇ ಇರುತ್ತದೆ. ನೀವು ಗುಣವಾಗುತ್ತಿದ್ದೀರಿ ಎನ್ನುತ್ತದೆ. ಗೌರವ್ವ ಅದಕ್ಕೆ ವಿಭೂತಿ ಹಚ್ಚುವುದನ್ನು ಬಿಟ್ಟಿದ್ದಾಳೆ.

ಗುಡ್ಡದ ಮೇಲಿನ ಗೋಡೆ ತುಂಬ ಹಸಿರಾಗಿದೆಯಂತೆ. ಬೇರೆ ಬೇರೆ ಜಿಲ್ಲೆಗಳಿಂದ ಬಂದು ನೋಡಿ ಹೋಗುತ್ತಾರಂತೆ.

ಮೊದಲೆಲ್ಲ ಬೆಳಿಗ್ಗೆ ಯಾರಾದರೂ ಬಂದು ಬಾಗಿಲಲ್ಲಿ ನಿಂತು, ಗೌರವ್ವ ಆಯಿ, ಹಲಗೆ ತಗೊಂಡು ನಮ್ಮ ಮನೆಗೆ ಬನ್ನಿ ಎಂದರೆ, ಓಣಿಯವರೆಲ್ಲ ಕೈಯ ಕೆಲಸ ಬಿಟ್ಟು, ಯಾರು ಹೋದರು ಎಂದು ಕೇಳುತ್ತಿದ್ದರು. ಈಗ ದಿನವೂ ಯಾರಾದರೂ ಬಂದು ಕರೆಯುತ್ತಾರೆ. ಅವಳ ಹತ್ತಿರ ಇರುವುದು ಒಂದೇ ಹಲಗೆ, ಅದು ಸೊಸೆಯ ಬೆನ್ನ ಹಿಂದೆ ಇದೆ. ಹಾಗಾಗಿ ಬಂದವರು ತಮ್ಮ ಮಗ್ಗದ ಹಲಗೆಯನ್ನೇ ಬಿಚ್ಚಿಟ್ಟುಕೊಂಡಿರುತ್ತಾರೆ. ಅವಳು ಹೋಗಿ, ಕೂಡಿಸಿ, ಸಡಿಲ ಇದೆಯೇ ಎಂದು ಕೇಳಿ ಬರುತ್ತಾಳೆ. ಯಾರು ಹೋದರು ಎಂದು ಯಾರೂ ಕೇಳುವುದಿಲ್ಲ.